ಹವಳದ ದೀಪಕ್ಕೆ ಲ್ಯೂಮೆನ್ ಲೆಕ್ಕ ಹಿಡಿಸುವುದಿಲ್ಲ

ಕರೆಂಟ್ ಉಳಿಸುವ ದೀಪ ಯಾವುದು ಅಂತ ಕೇಳಿದರೆ ಎಲ್ಲರೂ ಡಬ್ಬಿಯ ಮೇಲಿನ ಒಂದೇ ಅಂಕಿ ತೋರಿಸುತ್ತಾರೆ. ವ್ಯಾಟ್‌ಗೆ ಇಷ್ಟು ಲ್ಯೂಮೆನ್. ಓದುವ ಕೋಣೆಗೆ ಈ ಲೆಕ್ಕ ಸರಿ. ಹವಳ ಸಾಕುವ ತೊಟ್ಟಿಗೆ ಇದು ತಪ್ಪು. ಸ್ವಲ್ಪ ತಪ್ಪಲ್ಲ, ಪೂರ್ತಿ ತಲೆಕೆಳಗು.

ಲ್ಯೂಮೆನ್ ಹೇಳುವುದು ದೀಪದಿಂದ ಎಷ್ಟು ಬೆಳಕು ಬರುತ್ತಿದೆ ಅಂತಲ್ಲ, ಆ ಬೆಳಕು ಮನುಷ್ಯನ ಕಣ್ಣಿಗೆ ಎಷ್ಟು ಢಾಳಾಗಿ ಕಾಣುತ್ತದೆ ಅಂತ. ನಮ್ಮ ಕಣ್ಣಿಗೆ ಹಗಲಿನಲ್ಲಿ ತುಂಬಾ ಇಷ್ಟವಾದದ್ದು ಹಳದಿ ಬೆರೆತ ಹಸಿರು, ಅಂದರೆ 555 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಬೆಳಕು. ಆ ಬಣ್ಣದ ಒಂದು ವ್ಯಾಟ್ ಬೆಳಕಿಗೆ 683 ಲ್ಯೂಮೆನ್. ಅದೇ ಒಂದು ವ್ಯಾಟ್ 450 ನ್ಯಾನೋಮೀಟರಿನ ಗಾಢ ನೀಲಿ ಆಗಿದ್ದರೆ? ಸುಮಾರು 26 ಲ್ಯೂಮೆನ್. ಶಕ್ತಿ ಎರಡರಲ್ಲೂ ಅಷ್ಟೇ, ಕಣ್ಣಿಗೆ ಮಾತ್ರ ಒಂದು ಮಂಕು. ಹವಳಕ್ಕೆ ಬೇಕಿರುವುದು ಆ ಮಂಕು ನೀಲಿಯೇ. ಲ್ಯೂಮೆನ್ ನೋಡಿ ಹವಳಕ್ಕೆ ದೀಪ ಆರಿಸುವುದು ಹಾಲನ್ನು ಮೊಳ ಹಾಕಿ ಅಳೆದ ಹಾಗೆ.

ಹವಳ ಪ್ರಾಣಿ ಅಲ್ವಾ, ಅದಕ್ಕೆ ಬೆಳಕು ಯಾಕೆ? ಈ ಪ್ರಶ್ನೆ ದೊಡ್ಡ ದೊಡ್ಡವರನ್ನೇ ದಾರಿ ತಪ್ಪಿಸಿದೆ. 1928-29ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಮಾರಿಸ್ ಯಂಗ್ ತಂಡ ಕಟ್ಟಿಕೊಂಡು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದರು. ಅಲ್ಲಿನ ಲೋ ಐಲ್ಸ್ ದ್ವೀಪದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬೀಡುಬಿಟ್ಟರು. ಹವಳಗಳನ್ನು ಬೆಳಕು ನುಸುಳದ ಪೆಟ್ಟಿಗೆಗಳಲ್ಲಿ ಇಟ್ಟು ನೋಡಿದರು. ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಖಾಲಿಯಾದರೂ ಆಹಾರ ಸಿಗುತ್ತಿದ್ದ ಹವಳ ಸಾಯಲಿಲ್ಲ. ಹಾಗಾದರೆ ಹವಳ ಬೇಟೆಯಾಡಿ ತಿನ್ನುವ ಪ್ರಾಣಿ, ಪಾಚಿ ಅದಕ್ಕೆ ಊಟ ಕೊಡುವುದಿಲ್ಲ, ಬೇಡದ್ದನ್ನು ತೆಗೆದುಹಾಕಲು ಮಾತ್ರ ನೆರವಾಗುತ್ತದೆ ಎಂದು ಯಂಗ್ ತೀರ್ಮಾನಿಸಿದರು. ಕತ್ತಲಲ್ಲಿ ಸಾಯಲಿಲ್ಲ ಅಂದಮಾತ್ರಕ್ಕೆ ಬೆಳಕಿನಿಂದ ಏನೂ ಸಿಗುತ್ತಿರಲಿಲ್ಲ ಅಂತ ಅರ್ಥವೇ? ಇದಕ್ಕೆ ಉತ್ತರ ಬೇರೆ ಕಡೆಯಿಂದ ಬಂತು. ಪಶ್ಚಿಮ ಪೆಸಿಫಿಕ್‌ನ ಪಲಾವ್ ದ್ವೀಪಗಳಲ್ಲಿ ಜಪಾನಿನವರ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಸಿರೋ ಕವಾಗುಟಿ ಹವಳದ ಬಣ್ಣಗಳನ್ನು, ಉಸಿರಾಟವನ್ನು ಅಳೆಯುತ್ತಾ ಕೂತಿದ್ದರು. ಹವಳದ ಒಳಗಿನ ಕಂದು ಪಾಚಿ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳ ಗುಂಪಿಗೆ ಸೇರಿದ್ದು ಎಂದು 1944ರಲ್ಲಿ ಗುರುತಿಸಿದವರು ಅವರೇ. ಕೊನೆಗೆ 1958ರಲ್ಲಿ ಲಿಯೊನಾರ್ಡ್ ಮಸ್ಕಟೀನ್ ಮತ್ತು ಕ್ಯಾಡೆಟ್ ಹ್ಯಾಂಡ್ ವಿಕಿರಣಶೀಲ ಇಂಗಾಲ ಬಳಸಿ, ಹವಳದ ಹತ್ತಿರದ ನೆಂಟನಾದ ಸೀ ಅನಿಮೋನ್‌ನಲ್ಲಿ, ಪಾಚಿ ತಯಾರಿಸಿದ ಆಹಾರ ಪ್ರಾಣಿಯ ಮೈಗೆ ಸೇರುವುದನ್ನು ನೇರವಾಗಿ ತೋರಿಸಿದರು. ಒಳ್ಳೆ ಬೆಳಕಿರುವ ಕಡೆ ಎಷ್ಟೋ ಹವಳಗಳು ತಮಗೆ ಬೇಕಾದ ಶಕ್ತಿಯ ಬಹುಪಾಲನ್ನು ಪಾಚಿಯಿಂದಲೇ ಪಡೆಯುತ್ತವೆ ಅಂತ ಈಗ ಗೊತ್ತಿದೆ.

ಆ ಪಾಚಿ ಕಂದು ಬಣ್ಣದ್ದು ಎಂಬುದನ್ನು ಮರೆಯಬೇಡಿ. ದೀಪದ ವಿಷಯ ಇರುವುದು ಅಲ್ಲೇ. ಗಿಡದ ಎಲೆಯಲ್ಲಿ ಇಲ್ಲದ ಪೆರಿಡಿನಿನ್ ಎಂಬ ವರ್ಣಕ ಅದರಲ್ಲಿದೆ. ಕ್ಲೋರೋಫಿಲ್ ಎ ಮತ್ತು ಸಿ2 ಸುಮಾರು 430ರಿಂದ 460ರವರೆಗಿನ ನೀಲಿಯನ್ನು ಹಿಡಿದರೆ, ಪೆರಿಡಿನಿನ್ 470ರಿಂದ 550ರ ತನಕ, ಅಂದರೆ ನೀಲಿಯಿಂದ ಹಸಿರಿನವರೆಗೆ ಹಿಡಿದು, ಆ ಶಕ್ತಿಯನ್ನು ಕ್ಲೋರೋಫಿಲ್‌ಗೆ ಹೆಚ್ಚು ನಷ್ಟವಿಲ್ಲದೆ ದಾಟಿಸುತ್ತದೆ. ಇದು ಸುಮ್ನೆ ಆದದ್ದಲ್ಲ. ಸಮುದ್ರದ ನೀರು ಮೊದಲು ನುಂಗುವುದು ಕೆಂಪನ್ನು. 10 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಗಾಢ ಕೆಂಪು ಬೆಳಕು ನೂರಕ್ಕೆ 5 ಪಾಲೂ ಉಳಿದಿರುವುದಿಲ್ಲ. ನೀಲಿ ಮಾತ್ರ ಆರಾಮಾಗಿ ಕೆಳಗಿಳಿಯುತ್ತದೆ. ಅಲ್ಲಿ ಸಿಗುವುದನ್ನು ಹಿಡಿಯುವ ಹಾಗೆ ಪಾಚಿ ಸಜ್ಜಾಗಿದೆ.

ಇಲ್ಲಿ ಕೆಲವು ಬುದ್ಧಿವಂತರು ಒಂದು ತಕರಾರು ತೆಗೆಯುತ್ತಾರೆ. ದ್ಯುತಿಸಂಶ್ಲೇಷಣೆಗೆ ಬೇಕಿರುವುದು ಫೋಟಾನ್‌ಗಳ, ಅಂದರೆ ಬೆಳಕಿನ ಕಣಗಳ ಸಂಖ್ಯೆ. ನೀಲಿ ಫೋಟಾನ್ ದುಬಾರಿ, ಕೆಂಪು ಅಗ್ಗ. ಒಂದು ಜೌಲ್ ಶಕ್ತಿಗೆ 450 ನ್ಯಾನೋಮೀಟರಿನ ಫೋಟಾನ್ 3.8 ಮೈಕ್ರೋಮೋಲ್ (ಫೋಟಾನ್ ಎಣಿಸುವ ಮಾನ) ಸಿಕ್ಕರೆ, 660ರದ್ದು 5.5 ಸಿಗುತ್ತದೆ. ಹಾಗಾಗಿ ಗಿಡಗಳಿಗೆ ಹಾಕುವ ಕೆಂಪು ಗ್ರೋ ಲೈಟನ್ನೇ ಹಾಕಿದರೆ ಕರೆಂಟ್ ಉಳಿಯುತ್ತದಲ್ವಾ? ಲೆಕ್ಕ ಸರಿ, ಹವಳ ಮಾತ್ರ ಒಪ್ಪುವುದಿಲ್ಲ. ಸ್ಟೈಲೋಫೋರಾ ಪಿಸ್ಟಿಲೇಟಾ ಎಂಬ ಹವಳದ ಮೇಲೆ ಮಾಡಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೀಕ್ಷ್ಣ ಕೆಂಪು ಬೆಳಕಿನಲ್ಲಿ ಪಾಚಿಯ ಸಂಖ್ಯೆ ಇಳಿಯಿತು, ಹವಳದ ಆರೋಗ್ಯವೂ ಕೆಟ್ಟಿತು. ನೀಲಿಯ ಜೊತೆ ಕೆಂಪು ಬೆರೆಸಿದರೂ ಹೆಚ್ಚು ಕಡಿಮೆ ಅದೇ ಕಥೆ. ಉಳಿತಾಯ ಅಂದರೆ ಫೋಟಾನ್ ಅಗ್ಗವಾಗಿ ಸಿಗುವುದಲ್ಲ, ಕೊಟ್ಟ ಫೋಟಾನ್ ಕೆಲಸಕ್ಕೆ ಬರುವುದು.

ಲ್ಯೂಮೆನ್ ಬದಲು ನೋಡಬೇಕಾದ್ದು ಪಾರ್. 400ರಿಂದ 700 ನ್ಯಾನೋಮೀಟರ್ ಒಳಗಿನ ಫೋಟಾನ್‌ಗಳು ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಎಣಿಕೆ ಅದು. ಉಷ್ಣವಲಯದ ನಡುಮಧ್ಯಾಹ್ನ ಸಮುದ್ರದ ಮೇಲೆ ಇದು 2000 ಮೈಕ್ರೋಮೋಲ್ ಸಮೀಪ. ತೊಟ್ಟಿಯಲ್ಲಿ ಅಷ್ಟು ಬೇಕಿಲ್ಲ. ಮೆದು ಹವಳಗಳಿಗೆ 50ರಿಂದ 150, ಅಕ್ರೋಪೋರಾದಂಥ ಕಲ್ಲುಹವಳಗಳಿಗೆ 200ರಿಂದ 350 ಎಂದು ಸಾಕುವವರು ಇಟ್ಟುಕೊಳ್ಳುತ್ತಾರೆ. ಒಂದು ಮಟ್ಟ ದಾಟಿದ ಮೇಲೆ ಪಾಚಿಗೆ ಬಂದ ಬೆಳಕನ್ನೆಲ್ಲಾ ಬಳಸಲು ಆಗುವುದಿಲ್ಲ. ಹೆಚ್ಚಾದದ್ದನ್ನು ಶಾಖವಾಗಿ ಹೊರಹಾಕುತ್ತದೆ. ಅದೂ ಸಾಲದಾದಾಗ ಅದಕ್ಕೇ ಹಾನಿ. ಪಾರ್ ಅಳತೆಗೂ ಒಂದು ಮಿತಿಯಿದೆ. ಅದಕ್ಕೆ ಆಧಾರವಾದದ್ದು 1972ರಲ್ಲಿ ಕೀತ್ ಮೆಕ್‌ಕ್ರೀ ಬೆಳೆಗಳ ಎಲೆಗಳ ಮೇಲೆ ಮಾಡಿದ ಅಳತೆ, ಹವಳದ ಮೇಲಿನದ್ದಲ್ಲ. ಅದು ಎಲ್ಲ ಬಣ್ಣದ ಫೋಟಾನ್‌ಗೂ ಒಂದೇ ಬೆಲೆ ಕಟ್ಟುತ್ತದೆ. ಹೀಗಾಗಿ 200 ತೋರಿಸುವ ಹಳದಿ ಛಾಯೆಯ ಬಿಳಿ ದೀಪಕ್ಕೂ 200 ತೋರಿಸುವ ನೀಲಿ ದೀಪಕ್ಕೂ ಹವಳದ ಮಟ್ಟಿಗೆ ವ್ಯತ್ಯಾಸ ಇದ್ದೇ ಇದೆ.

ಲೀಟರಿಗೆ ಇಷ್ಟು ವ್ಯಾಟ್ ಎಂಬ ಸೂತ್ರ ಇನ್ನೂ ಓಡಾಡುತ್ತಿದೆ. ಟ್ಯೂಬ್‌ಲೈಟ್ ಕಾಲದ ಮಾತು ಅದು, ಬಿಟ್ಟುಬಿಡಿ. ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬುದೂ ಅಷ್ಟೇ. ರಾತ್ರಿಯ ಚಂದ್ರನ ದೀಪ ಇಲ್ಲದಿದ್ದರೆ ಹವಳ ಬೆಳೆಯುವುದೇ ಇಲ್ಲ ಅನ್ನುವವರಿಗೆ ನನ್ನ ಬಳಿ ತಾಳ್ಮೆ ಉಳಿದಿಲ್ಲ. ಸಮುದ್ರದಲ್ಲಿ ಎಷ್ಟೋ ಹವಳಗಳು ಮೊಟ್ಟೆ ಬಿಡಲು ಹುಣ್ಣಿಮೆಯ ಲೆಕ್ಕ ಹಿಡಿಯುವುದು ನಿಜ. ಆದರೆ ಅದು ಸಂತಾನದ ಮಾತು, ದಿನದಿನದ ಬೆಳವಣಿಗೆಯದ್ದಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಭಾಗಕ್ಕೆ ಈಗ ಬಂದೆ: ಗಾಜು. ತೊಟ್ಟಿ ಆಳವಾದಷ್ಟೂ ಬೆಳಕನ್ನು ನೀರು ಕುಡಿದುಬಿಡುತ್ತದೆ, ಅದಕ್ಕೇ ದೊಡ್ಡ ದೀಪ ಬೇಕು ಎಂದು ಜನ ನಂಬಿದ್ದಾರೆ. ಅರ್ಧ ಮೀಟರ್ ತಿಳಿನೀರು 450ರ ನೀಲಿಯಲ್ಲಿ ನುಂಗುವುದು ನೂರಕ್ಕೆ ಒಂದು ಪಾಲೂ ಇಲ್ಲ. ಕೆಳಗೆ ಬೆಳಕು ಕಡಿಮೆಯಾಗುವುದು ಮುಖ್ಯವಾಗಿ ಅದು ಅಗಲಕ್ಕೆ ಹರಡುವುದರಿಂದ. ಹರಡಿದ ಬೆಳಕು ಗಾಜಿನಿಂದ ಆಚೆ ಹೋಗಿ ಹಾಳಾಗುತ್ತದೆ ಅಂದುಕೊಳ್ಳುತ್ತೀರಿ, ಅಲ್ವಾ? ಹೋಗುವುದಿಲ್ಲ. ಗಾಳಿಯಿಂದ ನೀರಿಗೆ ಇಳಿಯುವಾಗ ಬೆಳಕಿನ ಕಿರಣ ಬಾಗಿ ನೆಟ್ಟಗಾಗುತ್ತದೆ. ಹಾಗೆ ನೆಟ್ಟಗಾದ ಕಿರಣ ಪಕ್ಕದ ಗೋಡೆಯನ್ನು ತುಂಬಾ ಓರೆಯಾಗಿ ಸವರುತ್ತದೆ. ಗೋಡೆಯ ಲಂಬದಿಂದ ಸುಮಾರು 49 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಂದ ಕಿರಣ ನೀರಿನಿಂದ ಗಾಜು ದಾಟಿ ಗಾಳಿಗೆ ಹೋಗಲಾರದು. ಎಲ್ಲವೂ ಒಳಕ್ಕೇ ಮರಳುತ್ತದೆ. ಲೆಕ್ಕ ಹಾಕಿದರೆ ದೀಪದಿಂದ ನೆಟ್ಟಗೆ ಕೆಳಗಿನ ಗೆರೆಗೆ ಸುಮಾರು 60 ಡಿಗ್ರಿ ಒಳಗೆ ನೀರಿಗೆ ಬಿದ್ದ ಕಿರಣಗಳೆಲ್ಲಾ ಹೀಗೆ ತೊಟ್ಟಿಯೊಳಗೆ ಸಿಕ್ಕಿಬೀಳುತ್ತವೆ. ಕನ್ನಡಿ ಬೇಡ, ಬಿಳಿ ಬಣ್ಣ ಬೇಡ, ಬರೀ ಗಾಜು ಸಾಕು. ಆದರೆ ಗಾಜಿಗೆ ಪಾಚಿ ಹತ್ತಿದರೆ ಈ ಲಾಭ ಹೋಯಿತು, ಕಿರಣ ಅಲ್ಲೇ ಹೀರಿಹೋಗುತ್ತದೆ. ನಿಜವಾಗಿ ವ್ಯರ್ಥವಾಗುವುದು ನೀರಿಗೇ ಬೀಳದ ಬೆಳಕು. ದೀಪವನ್ನು ಎತ್ತರಕ್ಕೆ ಕಟ್ಟಿ ಕೋಣೆಯ ಗೋಡೆ ಬೆಳಗುತ್ತಿದ್ದರೆ, ವ್ಯಾಟ್ ಎಷ್ಟೇ ಕಡಿಮೆ ಇರಲಿ, ಅದು ಉಳಿತಾಯದ ದೀಪ ಅಲ್ಲ.

ಈಗ ದೀಪದ ಜಾತಿ. ಮೆಟಲ್ ಹ್ಯಾಲೈಡ್ ಎಂಬ ಪ್ರಖರ ಬಲ್ಬ್ ಚೆನ್ನಾಗಿ ಹವಳ ಬೆಳೆಸುತ್ತದೆ, ಅನುಮಾನವೇ ಇಲ್ಲ. ಆದರೆ 250 ವ್ಯಾಟ್ ದೀಪ 10 ಗಂಟೆ ಉರಿದರೆ ದಿನಕ್ಕೆ 2.5 ಯೂನಿಟ್. ಅದರ ಶಾಖ ನೀರಿಗೆ ಇಳಿದು, ಆ ನೀರನ್ನು ತಣ್ಣಗಿಡಲು ಚಿಲ್ಲರ್ ಓಡಿ, ಅದಕ್ಕೆ ಬೇರೆ ಕರೆಂಟ್. ಬಲ್ಬ್ ಹಳತಾದಂತೆ ಬಣ್ಣವೂ ಬದಲಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಟಿ5 ಎಂಬ ತೆಳು ಟ್ಯೂಬ್‌ಲೈಟ್‌ಗಳದ್ದೂ ಇದೇ ಕಥೆ, ಶಾಖ ಮಾತ್ರ ಕಡಿಮೆ. ಎಲ್‌ಇಡಿ ಇಷ್ಟು ತಡವಾಗಿ ಯಾಕೆ ಬಂತು ಅಂದರೆ, ಕೆಂಪು ಎಲ್‌ಇಡಿ 1962ರಲ್ಲೇ ಇತ್ತು, ಬೇಕಾದ ನೀಲಿ ಇರಲಿಲ್ಲ. ಗ್ಯಾಲಿಯಂ ನೈಟ್ರೈಡ್ ಹರಳನ್ನು ಚೆನ್ನಾಗಿ ಬೆಳೆಸಲು ಜಪಾನಿನ ಇಸಾಮು ಅಕಸಾಕಿ ಮತ್ತು ಹಿರೋಷಿ ಅಮಾನೊ ವರ್ಷಗಟ್ಟಲೆ ಒದ್ದಾಡಿದರು. ಶೂಜಿ ನಕಮುರ 1993ರಲ್ಲಿ ಪ್ರಖರ ನೀಲಿ ಎಲ್‌ಇಡಿ ತಂದರು. ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮನೆಯ ಬಿಳಿ ಬಲ್ಬಿನಲ್ಲೂ ಒಳಗಿರುವುದು ಸಾಮಾನ್ಯವಾಗಿ ಇದೇ ನೀಲಿ. ಅದರ ಮೇಲೆ ನೀಲಿಯನ್ನು ಹೀರಿ ಹಳದಿ ಬೆಳಕು ಸೂಸುವ ಫಾಸ್ಫರ್ ಲೇಪ ಹಚ್ಚಿ ಬಿಳಿ ಮಾಡುತ್ತಾರೆ. ಆ ಬದಲಾವಣೆಯಲ್ಲಿ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಹವಳಕ್ಕೆ ಲೇಪವಿಲ್ಲದ ನೀಲಿಯೇ ಸಾಕಲ್ಲ! ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಕೆಲವು ಬಿಳಿ ಎಲ್‌ಇಡಿ ಚುಕ್ಕಿ ಸೇರಿಸಿಕೊಂಡರಾಯಿತು.

ನೀಲಿ ಎಲ್‌ಇಡಿಗೆ ಕರೆಂಟ್ ಜಾಸ್ತಿ ಹರಿಸಿದಷ್ಟೂ ಅದರ ದಕ್ಷತೆ ಇಳಿಯುತ್ತದೆ. ಅಂದರೆ ಸಣ್ಣ ದೀಪವನ್ನು ಪೂರ್ತಿ ಏರಿಸಿ ಓಡಿಸುವುದಕ್ಕಿಂತ, ತುಂಬಾ ಚುಕ್ಕಿಗಳಿರುವ ಅಗಲ ಪ್ಯಾನೆಲ್ಲನ್ನು ಅರ್ಧಕ್ಕೆ ಇಳಿಸಿ ಓಡಿಸಿದರೆ ಅದೇ ಬೆಳಕಿಗೆ ಕರೆಂಟ್ ಕಡಿಮೆ ಸಾಕು. ನೆರಳೂ ಕಡಿಮೆ ಬೀಳುತ್ತದೆ, ದೀಪವೂ ತಣ್ಣಗಿರುತ್ತದೆ. ಕೊಳ್ಳುವಾಗ ಬೆಲೆ ಜಾಸ್ತಿ, ಆದರೂ ನಾನು ಅದನ್ನೇ ಆರಿಸುತ್ತೇನೆ. ಡಬ್ಬಿಯ ಮೇಲೆ ಬರೆದ ವ್ಯಾಟ್ ನಂಬುವ ಬದಲು ಪ್ಲಗ್‌ಗೆ ಹಾಕುವ ಮೀಟರ್ ಇಟ್ಟು ನಿಜವಾಗಿ ಎಷ್ಟು ಎಳೆಯುತ್ತಿದೆ ಅಂತ ನೋಡಿ. ಜೊತೆಗೆ ಪಾರ್ ಮೀಟರ್ ಎರವಲು ಸಿಕ್ಕರೆ ಹವಳ ಕೂರುವ ಜಾಗದಲ್ಲಿ ಎಷ್ಟು ಬೀಳುತ್ತಿದೆ ಎಂದು ಅಳೆಯಿರಿ. ಎರಡೂ ಅಂಕಿ ಕೈಯಲ್ಲಿದ್ದರೆ ಯಾವ ಜಾಹೀರಾತೂ ಬೇಕಿಲ್ಲ.

ಹಳೆಯ ದೀಪ ತೆಗೆದು ಹೊಸದು ಹಾಕುವ ದಿನ ಅವಸರ ಬೇಡ. ನೀಲಿ ಎಲ್‌ಇಡಿ ಕಣ್ಣಿಗೆ ಮಂಕಾಗಿ ಕಾಣುವುದರಿಂದಲೇ ಜನ ಅದನ್ನು ಏರಿಸಿಬಿಡುತ್ತಾರೆ, ಹವಳ ಬಿಳಿಚಿಕೊಳ್ಳುತ್ತದೆ, ಆಮೇಲೆ ಎಲ್‌ಇಡಿಯೇ ಕೆಟ್ಟದ್ದು ಅನ್ನುತ್ತಾರೆ. ಹಳೆಯ ದೀಪದಡಿ ಇದ್ದ ಪಾರ್‌ನ ಅರ್ಧಕ್ಕೆ ಶುರು ಮಾಡಿ, ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪ ಏರಿಸಿ. ದಿನಕ್ಕೆ 8ರಿಂದ 10 ಗಂಟೆ ಸಾಕು. ದೀಪದ ಗಾಜಿನ ಮೇಲೆ ಚಿಮ್ಮಿದ ಉಪ್ಪುನೀರು ಒಣಗಿ ಬಿಳಿ ಪದರ ಕಟ್ಟುತ್ತದೆ, ಬೆಳಕನ್ನು ಅಲ್ಲೇ ತಡೆಯುತ್ತದೆ. ಪ್ಲಗ್ ತೆಗೆದು, ದೀಪ ಆರಿದ ಮೇಲೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ.