ನೀರು ಪರೀಕ್ಷೆ ಮಾಡೋಕೆ ಬಂದವರು ಮನೆಯ ಸಾಲ ಯಾಕೆ ಕೇಳ್ತಾರೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ ಪಕ್ಕದ ಹಳ್ಳಿ. ವಿಶ್ವವಿದ್ಯಾಲಯದವರು ಬಂದು ನಾಲಾ ನೀರನ್ನು ಬಾಟಲಿಗೆ ತುಂಬಿಕೊಂಡು ಹೋದರು. ಅದು ಸರಿ. ಆದರೆ ಅವರ ಜೊತೆ ಬಂದ ಸಮಾಜಶಾಸ್ತ್ರ, ಅರ್ಥಶಾಸ್ತ್ರದವರು ಹೊಲ ಯಾರದ್ದು, ಕೂಲಿಗೆ ಯಾರು ಹೋಗುತ್ತಾರೆ, ಸಾಲ ಎಷ್ಟು ಅಂತೆಲ್ಲ ಕೇಳಿದರು. ಪರಿಸರದ ಸಂಶೋಧನೆಗೆ ಇದೆಲ್ಲ ಯಾಕೆ ಬೇಕು?

ಉತ್ತರ: ಈ ಅನುಮಾನ ತುಂಬಾ ಜನರಿಗಿದೆ. ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ನಿಮ್ಮ ನಾಲಾ ನೀರನ್ನೇ ನೋಡೋಣ.

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಕುಡಿಯುವುದು ಮಲಪ್ರಭೆಯ ನೀರು. ಬಳಸಿದ ಮೇಲೆ ಅದು ಗಟಾರ ಸೇರಿ, ನಾಲಾಗಳಲ್ಲಿ ಊರ ಹೊರಗೆ ಹರಿಯುತ್ತದೆ. ಸುತ್ತಲಿನ ಹಳ್ಳಿಗಳ ರೈತರು ಅದಕ್ಕೆ ಪಂಪ್‌ಸೆಟ್ ಇಟ್ಟು ಕಾಯಿಪಲ್ಯ ಬೆಳೆಯುವುದು ದಶಕಗಳಿಂದ ನಡೆದಿದೆ. 1990ರ ದಶಕದ ಕೊನೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಕರ್ನಾಟಕ ವಿಶ್ವವಿದ್ಯಾಲಯದವರು ಬ್ರಿಟನ್ನಿನ ಸಂಶೋಧಕರ ಜೊತೆ ಸೇರಿ ಹುಬ್ಬಳ್ಳಿ-ಧಾರವಾಡದ ಅಂಚಿನ ಹಳ್ಳಿಗಳ ಬದುಕನ್ನು ಅಧ್ಯಯನ ಮಾಡಿದರು. ಗಟಾರ ನೀರಿನ ಬೇಸಾಯದ ಬಗ್ಗೆ ಕಂಡದ್ದು 2003ರಲ್ಲಿ ಪ್ರಕಟವೂ ಆಯಿತು.

ಲ್ಯಾಬ್‌ನವರನ್ನಷ್ಟೇ ಕೇಳಿದ್ದರೆ ಉತ್ತರ ಸುಲಭವಿತ್ತು. ನೀರಿನಲ್ಲಿ ರೋಗಾಣು ಇವೆ, ಜಂತುಹುಳದ ಮೊಟ್ಟೆ ಇರಬಹುದು, ಬಳಸಬೇಡಿ. ಆದರೆ ರೈತನ ಲೆಕ್ಕ ಬೇರೆ. ಬೇಸಿಗೆಯಲ್ಲಿ ಬಾವಿ ಬತ್ತಿದರೂ ನಾಲಾ ಬತ್ತುವುದಿಲ್ಲ. ಆ ನೀರಿನಲ್ಲೇ ಸಾರಜನಕ, ರಂಜಕ ಇರುವುದರಿಂದ ಗೊಬ್ಬರದ ಖರ್ಚು ಕಮ್ಮಿ. ಮಾರುಕಟ್ಟೆ ಪಕ್ಕದಲ್ಲೇ ಇದೆ. ಸುಮ್ನೆ ‘ಬಳಸಬೇಡಿ’ ಅಂದರೆ ಆ ಮನೆಯವರು ಏನು ಮಾಡಬೇಕು? ಸಾಲ ತೀರಿಸಬೇಕಾದ ಮನೆ ಈ ಆದಾಯವನ್ನು ಸುಲಭಕ್ಕೆ ಬಿಡಲಾರದು. ಸಾಲದ ಪ್ರಶ್ನೆ ಬರುವುದು ಇಲ್ಲಿ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಬೆಳೆಗೆ ಸಿಕ್ಕ ಸತ್ವ ಕಳೆಗೂ ಸಿಗುತ್ತದೆ. ಗಟಾರ ನೀರಿನ ಹೊಲದಲ್ಲಿ ಕಳೆ ಜಾಸ್ತಿ. ಅದನ್ನು ಕೀಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬರಿಗೈ, ಬರಿಗಾಲು, ಕೆಳಗೆ ಆ ಕೆಸರು. ಕೀಟವೂ ಜಾಸ್ತಿ, ಹಾಗಾಗಿ ಔಷಧ ಹೊಡೆಯುವುದೂ ಜಾಸ್ತಿ. ಅಂದರೆ ಅಪಾಯ ನೀರಿನಲ್ಲಿ ಮಾತ್ರ ಇಲ್ಲ, ಆ ನೀರಿನಿಂದ ಹುಟ್ಟುವ ಕೆಲಸದಲ್ಲಿಯೂ ಇದೆ. ಲಾಭ ಎಣಿಸುವವರು ಒಬ್ಬರು, ಮೈಗೆ ತಗಲಿಸಿಕೊಳ್ಳುವವರು ಇನ್ನೊಬ್ಬರು. ನೀರಿನ ಬಾಟಲಿ ಇದನ್ನು ಹೇಳುವುದಿಲ್ಲ. ಕೂಲಿಗೆ ಯಾರು ಹೋಗುತ್ತಾರೆ ಅಂತ ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಹೊಲ ಯಾರದ್ದು ಅಂತ ಯಾಕೆ ಕೇಳಬೇಕು? ಕಳೆಯ ಕಾಟ ತಾಳದೆ ಕೆಲವು ರೈತರು ಚಿಕ್ಕು, ಪೇರಲ, ಮಾವಿನಂಥ ಗಿಡಗಳ ಕಡೆ ತಿರುಗಿದ್ದಾರೆ. ಹಣ್ಣು ಮೇಲಿರುತ್ತದೆ, ಕೊಳೆ ನೀರು ತಾಗುವುದಿಲ್ಲ. ಆರೋಗ್ಯದ ದೃಷ್ಟಿಯಿಂದಲೂ ಒಳ್ಳೆಯದೇ. ಆದರೆ ಗಿಡ ಫಲ ಕೊಡಲು ವರ್ಷಗಳು ಬೇಕು. ಬೇರೆಯವರ ಹೊಲವನ್ನು ಲಾವಣಿಗೆ (ಗೇಣಿಗೆ) ಹಾಕಿಕೊಂಡವರು ಅಷ್ಟು ಕಾಯಲಾರರು, ಅಲ್ವಾ? ಅವರಿಗೆ ‘ಗಿಡ ನೆಡಿ’ ಅನ್ನುವ ಸಲಹೆಯಿಂದ ಉಪಯೋಗವಿಲ್ಲ.

ಇಂಥ ಯೋಚನೆ ಜಗತ್ತಿನ ನಿಯಮಗಳನ್ನೂ ಬದಲಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ, ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ಗಟಾರ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳದ ಮೊಟ್ಟೆ ಇರಬಾರದು ಎಂಬಂಥ ಮಿತಿ ಹಾಕಿತ್ತು. ಶುದ್ಧೀಕರಣ ಘಟಕಕ್ಕೆ ದುಡ್ಡಿಲ್ಲದ ಊರುಗಳಿಗೆ ಇದು ಆಗದ ಮಾತು. 2006ರ ಹೊಸ ಮಾರ್ಗಸೂಚಿ ಹೊಲದಿಂದ ಊಟದ ತಟ್ಟೆಯವರೆಗೆ ಹಂತಹಂತವಾಗಿ ಅಪಾಯ ಕಡಿಮೆ ಮಾಡುವ ದಾರಿಗಳನ್ನು ಹೇಳಿತು: ಸರಿಯಾದ ಬೆಳೆ ಆರಿಸುವುದು, ಹನಿ ನೀರಾವರಿ, ಕೊಯ್ಲಿಗೆ ಕೆಲವು ದಿನ ಮೊದಲೇ ನೀರು ನಿಲ್ಲಿಸುವುದು, ಕೂಲಿಯವರ ಕೈಕಾಲಿಗೆ ರಕ್ಷಣೆ, ಮನೆಯಲ್ಲಿ ಚೆನ್ನಾಗಿ ತೊಳೆದು ಬೇಯಿಸುವುದು.

ಗದಗ ಜಿಲ್ಲೆಯ ಮಾಗಡಿ ಕೆರೆಯದ್ದೂ ಇದೇ ಬಗೆಯ ವಿಷಯ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಚಳಿಗಾಲಕ್ಕೆ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಇರುವುದು ಕೆರೆಯಲ್ಲಿ, ಮೇಯುವುದು ಸುತ್ತಲಿನ ಹೊಲಗಳಲ್ಲಿ. ಹಕ್ಕಿ ಎಣಿಸುವವರು ಮಾತ್ರ ಬಂದು ಹೋದರೆ ಆ ಹೊಲದವರ ನಷ್ಟವನ್ನು ಯಾರು ಬರೆದುಕೊಳ್ಳಬೇಕು?

ಆದರೆ ಎಲ್ಲ ಜಂಟಿ ಸಂಶೋಧನೆಯೂ ನಿಜವಾಗಿ ಜಂಟಿಯಾಗಿರುವುದಿಲ್ಲ. ರಸಾಯನಶಾಸ್ತ್ರದವರು ಒಂದು ಅಧ್ಯಾಯ, ಅರ್ಥಶಾಸ್ತ್ರದವರು ಒಂದು ಅಧ್ಯಾಯ ಬರೆದು ಒಟ್ಟಿಗೆ ಬೈಂಡ್ ಮಾಡಿಸಿದರೆ ಆಗಲಿಲ್ಲ. ನೀರಿನ ಮಾದರಿಯನ್ನು ಎಲ್ಲಿಂದ, ಯಾವ ಹೊತ್ತಿನಲ್ಲಿ ತೆಗೆಯಬೇಕು ಅನ್ನುವುದನ್ನೇ ಕಳೆ ಕೀಳುವ ಹೆಣ್ಣುಮಕ್ಕಳನ್ನು ಕೇಳಿ ತೀರ್ಮಾನಿಸಿದರೆ ಆ ಅಧ್ಯಯನಕ್ಕೆ ಬೆಲೆ. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ ಎಲ್ಲ ಧಾರವಾಡದಲ್ಲೇ ಇವೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿಗೇ ಒಂದು ವಿಶ್ವವಿದ್ಯಾಲಯವಿದೆ. ಇಷ್ಟು ಹತ್ತಿರ ಇರುವವರು ಒಂದೇ ಹೊಲಕ್ಕೆ ಒಟ್ಟಿಗೆ ಹೋಗುವುದು ಕಷ್ಟವಾಗಬಾರದು.

ಇನ್ನು ನಿಮ್ಮ ವಿಷಯ. ಸಾಲದ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಿಲ್ಲ. ಬೇಡ ಅನ್ನುವ ಹಕ್ಕು ನಿಮಗಿದೆ. ಉತ್ತರ ಕೊಡುವುದಾದರೆ ಹೆಸರು ಗುಟ್ಟಾಗಿರುತ್ತದೆಯೇ ಅಂತ ಮೊದಲು ಕೇಳಿ. ನೀರಿನ ವರದಿ ಬಂದ ಮೇಲೆ ಗ್ರಾಮಸಭೆಗೆ ಬಂದು ಕನ್ನಡದಲ್ಲಿ ಓದಿ ಹೇಳಬೇಕು ಅಂತಲೂ ಈಗಲೇ ಹೇಳಿಬಿಡಿ. ಆ ಸಭೆಗೆ ಕೂಲಿಯ ಹೆಣ್ಣುಮಕ್ಕಳು ಬರಬೇಕಾದರೆ ಅದು ಸಂಜೆ, ಅವರ ಕೆಲಸ ಮುಗಿದ ಮೇಲೆ ಇರಲಿ.