ನಂಬರನ್ನ ಸ್ಟ್ರಿಂಗ್ ಮಾಡೋದು ಅಂದ್ರೇನು?

ಹಾಸನ, ಚಿಕ್ಕಮಗಳೂರು ಕಡೆ ಬಿಸಿಎ, ಡಿಪ್ಲೊಮಾ ಸೇರಿರೋ ಹುಡುಗ್ರು ಹುಡ್ಗೀರು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿದ ಮೊದಮೊದಲಲ್ಲೇ ಸಿಕ್ಕಾಕೊಳ್ಳೋ ಜಾಗ ಇದು. ಸ್ಟ್ರಿಂಗ್ ಅಂದ್ರೆ ಅಕ್ಷರಗಳ ಸಾಲು, ಅಂದ್ರೆ ಪಠ್ಯ. ನಮ್ಮ ಕಡೇದೇ ಒಂದು ಲೆಕ್ಕ ತಗೊಳ್ಳಿ: ತೋಟದಲ್ಲಿ ಎಷ್ಟು ಮೂಟೆ ಕಾಫಿ ಆಯ್ತು ಅಂತ ಕೇಳ್ಬೇಕು, ಮೂಟೆಗೆ 50 ಕೆಜಿ ಹಿಡಿದು ಗುಣಿಸ್ಬೇಕು, "ಒಟ್ಟು ತೂಕ 600 ಕೆಜಿ" ಅಂತ ಸ್ಕ್ರೀನ್ ಮೇಲೆ ತೋರಿಸ್ಬೇಕು, ಅಷ್ಟೇ.

ಇನ್‌ಪುಟ್‌ಗೆ 12 ಅಂತ ಟೈಪ್ ಮಾಡಿದ್ರೆ ಪೈಥಾನ್‌ಗೆ ಸಿಗೋದು ಹನ್ನೆರಡು ಅನ್ನೋ ಸಂಖ್ಯೆ ಅಲ್ಲ, 1 ಮತ್ತೆ 2 ಅನ್ನೋ ಎರಡು ಅಕ್ಷರ. ಅದನ್ನ ಹಾಗೇ 50ರಿಂದ ಗುಣಿಸಿದ್ರೆ ಎರರ್ ಕೂಡ ಬರಲ್ಲ, 121212 ಅಂತ ಐವತ್ತು ಸಲ ಬರ್ಕೊಂಡು ಹೋಗುತ್ತೆ. ಅದಕ್ಕೇ ಮೊದ್ಲು ಇಂಟ್ (int, ಪಠ್ಯಾನ ಪೂರ್ಣ ಸಂಖ್ಯೆ ಮಾಡೋ ಪೈಥಾನ್ ಆಜ್ಞೆ) ಹಾಕಿ ಸಂಖ್ಯೆ ಮಾಡ್ಕೊಳ್ಳೋದು. ಗುಣಿಸಿ 600 ಬಂತು, ಈಗ "ಒಟ್ಟು ತೂಕ" ಅನ್ನೋ ಪಠ್ಯಕ್ಕೆ ಪ್ಲಸ್ ಹಾಕಿ ಅದನ್ನ ಸೇರಿಸೋಕೆ ಹೋದ್ರೆ ಟೈಪ್ ಎರರ್ (TypeError, ಬೇರೆ ಬೇರೆ ಜಾತಿಯವನ್ನ ಬೆರೆಸಿದ ತಪ್ಪು) ಬರುತ್ತೆ, ಯಾಕಂದ್ರೆ ಪ್ಲಸ್‌ಗೆ ಎರಡು ಕೆಲಸ ಇದೆ, ಸಂಖ್ಯೆ ಸಿಕ್ಕಿದ್ರೆ ಕೂಡುತ್ತೆ ಪಠ್ಯ ಸಿಕ್ಕಿದ್ರೆ ಜೋಡಿಸುತ್ತೆ, ಒಂದು ಸಂಖ್ಯೆ ಒಂದು ಪಠ್ಯ ಸಿಕ್ಕಿದ್ರೆ ಪೈಥಾನ್ ತಾನೇ ಊಹೆ ಮಾಡಲ್ಲ. ಜಾವಾಸ್ಕ್ರಿಪ್ಟ್ ಅನ್ನೋ ಇನ್ನೊಂದು ಭಾಷೆ ಊಹೆ ಮಾಡುತ್ತೆ, ಅಲ್ಲಿ "5" ಪ್ಲಸ್ 2 ಅಂದ್ರೆ "52", "5" ಮೈನಸ್ 2 ಅಂದ್ರೆ 3! ನನ್ನ ಕೇಳಿದ್ರೆ ಕಲಿಯೋರಿಗೆ ಪೈಥಾನ್ ಹಟಾನೇ ಒಳ್ಳೇದು. 600ನ ಎಸ್‌ಟಿಆರ್ ಬ್ರಾಕೆಟ್ ಒಳಗೆ, ಅಂದ್ರೆ str(600) ಅಂತ ಹಾಕಿದ್ರೆ "600" ಅನ್ನೋ ಪಠ್ಯ ಆಗುತ್ತೆ, ಪ್ಲಸ್ ಸಲೀಸಾಗಿ ಜೋಡಿಸುತ್ತೆ. ಇದನ್ನೇ ಸ್ಟ್ರಿಂಗ್ ಕನ್ವರ್ಷನ್ ಅನ್ನೋದು. ಪೈಥಾನ್ 3.6ರಿಂದ ಎಫ್-ಸ್ಟ್ರಿಂಗ್ (ಪಠ್ಯದ ಮಧ್ಯೆಯೇ ಸಂಖ್ಯೆ ಇಟ್ಟು ಬರೆಯೋ ರೀತಿ) ಇದೆ, ಅದು ಈ ಕೆಲಸಾನ ಒಳಗೊಳಗೇ ಮುಗಿಸಿಬಿಡುತ್ತೆ.

ಹಾಗಾದ್ರೆ ಯಾವುದನ್ನ ಸಂಖ್ಯೆಯಾಗಿ ಇಡ್ಬೇಕು, ಯಾವುದನ್ನ ಪಠ್ಯವಾಗಿ? ಹಾಸನದ ಎಸ್‌ಟಿಡಿ ಕೋಡ್ 08172, ಚಿಕ್ಕಮಗಳೂರಿಂದು 08262. ಇವನ್ನ ಇಂಟ್ ಮಾಡಿದ್ರೆ ಮುಂದಿನ ಸೊನ್ನೆ ಹೋಗಿ 8172 ಉಳಿಯುತ್ತೆ, ಆಮೇಲೆ ವಾಪಸ್ ಎಸ್‌ಟಿಆರ್ ಮಾಡಿದ್ರೂ ಆ ಸೊನ್ನೆ ತಾನಾಗೇ ಬರಲ್ಲ. ಎರಡು ಊರಿನ ಕೋಡ್ ಕೂಡಿಸಿ ಯಾರಿಗೂ ಏನೂ ಆಗಬೇಕಿಲ್ಲ, ಹಾಗಾಗಿ ಅದು ಹುಟ್ಟಿಂದ ಪಠ್ಯಾನೇ, ಪಿನ್‌ಕೋಡ್ 573201 ಕೂಡ ಹಂಗೇ. ಮೂಟೆ, ಕೆಜಿ, ರೂಪಾಯಿ ಕೂಡೋ ಕಳೆಯೋ ವಿಷ್ಯ, ಅವು ಸಂಖ್ಯೆಯಾಗೇ ಇರ್ಲಿ, ತೋರಿಸೋ ಹೊತ್ತಿಗೆ ಮಾತ್ರ ಪಠ್ಯ ಮಾಡಿ.

ಕೆಲವು ಕಡೆ ಎಸ್‌ಟಿಆರ್ ಮುಟ್ಟದೇ ಕೈಯಲ್ಲೇ ಮಾಡಿ ಅಂತಾರೆ, ಬೇಜಾರು ಮಾಡ್ಕೋಬೇಡಿ, ನಿಜವಾದ ಕಲಿಕೆ ಇರೋದೇ ಇಲ್ಲಿ. 600ನ 10ರಿಂದ ಭಾಗಿಸಿದ ಶೇಷ 0, ಭಾಗಲಬ್ಧ 60, ಮತ್ತೆ ಶೇಷ 0, ಭಾಗಲಬ್ಧ 6, ಮತ್ತೆ ಶೇಷ 6, ಭಾಗಲಬ್ಧ 0. ಭಾಗಲಬ್ಧ 0 ಆಗೋ ತನಕ ಇದನ್ನ ಲೂಪ್‌ನಲ್ಲಿ, ಅಂದ್ರೆ ಮತ್ತೆ ಮತ್ತೆ ಮಾಡಿಸ್ತೀವಿ. ಅಂಕಿಗಳು ಹಿಂದಿನಿಂದ ಬರ್ತವೆ, ಅದಕ್ಕೆ ಹೊಸದನ್ನ ಮುಂದೆ ಸೇರಿಸ್ತಾ ಹೋಗ್ಬೇಕು. ಒಂದೊಂದು ಅಂಕಿಗೂ 48 ಕೂಡಿಸಿದ್ರೆ ಆ ಅಕ್ಷರದ ಕೋಡ್ (ಕಂಪ್ಯೂಟರ್ ಒಂದೊಂದು ಅಕ್ಷರಕ್ಕೂ ಇಟ್ಕೊಂಡಿರೋ ನಂಬರ್) ಸಿಗುತ್ತೆ, ಯಾಕಂದ್ರೆ "0" ಅನ್ನೋ ಅಕ್ಷರದ ಕೋಡೇ 48, "6"ರದ್ದು 54. ಎರಡು ಕಡೆ ಹುಷಾರು: ಕೊಟ್ಟಿದ್ದು 0 ಆಗಿದ್ರೆ ಲೂಪ್ ಓಡೋದೇ ಇಲ್ಲ, ಖಾಲಿ ಪಠ್ಯ ಬರುತ್ತೆ. ಮೈನಸ್ ಸಂಖ್ಯೆ ಕೊಟ್ರೆ ಪೈಥಾನ್‌ನಲ್ಲಿ ಭಾಗಲಬ್ಧ ಮೈನಸ್ 1ಕ್ಕೆ ಬಂದು ಅಲ್ಲೇ ನಿಂತು ಲೂಪ್ ಮುಗಿಯೋದೇ ಇಲ್ಲ, ಚಿಹ್ನೆ ಮೊದಲೇ ತೆಗೆದಿಟ್ಕೊಂಡು ಕೊನೆಗೆ ಅಂಟಿಸಿ.

ಇಷ್ಟು ಬಂದ್ಮೇಲೆ ಒಂದು ಖುಷಿ ಕೊಡೋ ವಿಷ್ಯ ಇದೆ. ಯೂನಿಕೋಡ್‌ನಲ್ಲಿ (ಎಲ್ಲಾ ಭಾಷೆಯ ಅಕ್ಷರಗಳಿಗೂ ಕೋಡ್ ಕೊಟ್ಟಿರೋ ಪಟ್ಟಿ) ನಮ್ಮ ೦ ಅಂಕಿಯ ಕೋಡ್ 3302, ಅಲ್ಲಿಂದ ೯ರ ತನಕ ಸಾಲಾಗಿ ಇವೆ. ಅದೇ ಪ್ರೋಗ್ರಾಂನಲ್ಲಿ 48 ಇದ್ದ ಕಡೆ 3302 ಹಾಕಿದ್ರೆ ಸ್ಕ್ರೀನ್ ಮೇಲೆ ೬೦೦ ಬರುತ್ತೆ. ಪೈಥಾನ್‌ನ ಇಂಟ್‌ಗೆ "೧೨" ಕೊಟ್ರೂ ಅದು ಹನ್ನೆರಡು ಅಂತಾನೇ ಓದ್ಕೊಳ್ಳುತ್ತೆ, ಬೇಕಾದ್ರೆ ಈಗ್ಲೇ ಟೈಪ್ ಮಾಡಿ ನೋಡಿ.