ಒಳ್ಳೆಯ ಚಿತ್ರಕ್ಕೂ ಎರಡನೇ ಭಾಗ ಏಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ಹಾಕಿದ ಬಂಡವಾಳಕ್ಕಿಂತ ಹೆಚ್ಚು ಗಳಿಸಿದ, ಪ್ರಶಸ್ತಿಗಳನ್ನೂ ಪಡೆದ ಎಷ್ಟೋ ಚಿತ್ರಗಳ ಮುಂದಿನ ಭಾಗ ಬರಲೇ ಇಲ್ಲ. ಕಾರಣವೇನು?

ಉತ್ತರ: ಸುದ್ದಿಯಲ್ಲಿ ನಾವು ಓದುವ ಒಟ್ಟು ಗಳಿಕೆಯು ಟಿಕೆಟ್ ಮಾರಾಟದ ಮೊತ್ತವೇ ಹೊರತು ನಿರ್ಮಾಪಕರ ಕೈಸೇರಿದ ಹಣವಲ್ಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಚಿತ್ರಮಂದಿರಗಳಿಗೇ ಹೋಗುತ್ತದೆ. ಪ್ರಚಾರಕ್ಕೆ ಸುರಿದ ಹಣವಂತೂ ‘ನಿರ್ಮಾಣ ವೆಚ್ಚ’ ಎಂದು ಪ್ರಕಟವಾಗುವ ಅಂಕಿಯಲ್ಲಿ ಸಾಮಾನ್ಯವಾಗಿ ಸೇರಿರುವುದೇ ಇಲ್ಲ.

ಪೀಟರ್ ವಿಯರ್ ನಿರ್ದೇಶನದ ‘ಮಾಸ್ಟರ್ ಆ್ಯಂಡ್ ಕಮಾಂಡರ್’ (2003) ಈ ಲೆಕ್ಕಕ್ಕೆ ಬಲಿಯಾದ ಚಿತ್ರ. ಮುಂದಿನ ಭಾಗಕ್ಕೆ ಅತ್ಯಂತ ಅರ್ಹವಾಗಿದ್ದ ಚಿತ್ರವೂ ನನ್ನ ಮಟ್ಟಿಗೆ ಇದೇ. ಪ್ಯಾಟ್ರಿಕ್ ಓಬ್ರಿಯನ್ ಬರೆದು ಮುಗಿಸಿದ ಇಪ್ಪತ್ತು ಕಾದಂಬರಿಗಳ ಸರಕು ಅದರ ಬೆನ್ನಿಗಿತ್ತು. ಕೊನೆಯ ದೃಶ್ಯದಲ್ಲಿ, ಸೆರೆಸಿಕ್ಕ ಶತ್ರು ಹಡಗಿನ ಕಪ್ತಾನ ವೈದ್ಯನ ವೇಷದಲ್ಲಿ ತಮ್ಮೆಲ್ಲರನ್ನೂ ವಂಚಿಸಿದ್ದಾನೆಂದು ತಿಳಿದ ಕೂಡಲೇ ನಾಯಕ ಜ್ಯಾಕ್ ಆಬ್ರಿ ತನ್ನ ಹಡಗನ್ನು ತಿರುಗಿಸಲು ಆಜ್ಞೆ ಮಾಡುತ್ತಾನೆ. ಬಳಿಕ ಗೆಳೆಯ ಮ್ಯಾಟುರಿನ್ ಜೊತೆ ಕುಳಿತು ವಯೊಲಿನ್ ನುಡಿಸತೊಡಗುತ್ತಾನೆ, ಹಡಗು ಬೇಟೆಗೆ ಹೊರಡುತ್ತದೆ, ಚಿತ್ರ ಮುಗಿಯುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಮುಂದಿನ ಕಥೆಗೆ ಬಾಗಿಲು ತೆರೆದಿಡಲು ಸಾಧ್ಯವಿಲ್ಲ. ಆದರೆ ಸುಮಾರು 15 ಕೋಟಿ ಡಾಲರ್ ವೆಚ್ಚದ ಈ ಚಿತ್ರದ ಜಾಗತಿಕ ಗಳಿಕೆ ಸುಮಾರು 21 ಕೋಟಿ ಡಾಲರ್‌ಗೆ ನಿಂತಿತು. ಹತ್ತು ಆಸ್ಕರ್ ನಾಮನಿರ್ದೇಶನಗಳಲ್ಲಿ ಎರಡು ಮಾತ್ರ ಪ್ರಶಸ್ತಿಯಾದವು, ಏಕೆಂದರೆ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೇ ಭಾಗ ಹನ್ನೊಂದನ್ನು ಬಾಚಿಕೊಂಡ ವರ್ಷವದು.

ಒಟ್ಟು ಗಳಿಕೆ ದೊಡ್ಡದಾಗಿದ್ದರೂ ಸಾಲದು, ಅದು ಯಾರ ಪಾಲಿಗೆ ಹೋಯಿತು ಎಂಬುದೂ ಮುಖ್ಯ. ‘ದಿ ಗೋಲ್ಡನ್ ಕಂಪಾಸ್’ (2007) ಸಾಧಾರಣ ಚಿತ್ರವೆಂದೇ ನನ್ನ ಅಭಿಪ್ರಾಯ, ಆದರೆ ಅದರ ಹಣಕಾಸಿನ ಕಥೆ ಚಿತ್ರಕ್ಕಿಂತ ಸ್ವಾರಸ್ಯಕರವಾಗಿದೆ. ಸುಮಾರು 18 ಕೋಟಿ ಡಾಲರ್ ವೆಚ್ಚವನ್ನು ಹೊಂದಿಸಲು ನ್ಯೂ ಲೈನ್ ಸಂಸ್ಥೆಯು ಹೊರದೇಶಗಳ ವಿತರಣಾ ಹಕ್ಕುಗಳನ್ನು ಮುಂಗಡವಾಗಿಯೇ ಮಾರಿಬಿಟ್ಟಿತ್ತು. ಬಿಡುಗಡೆಯಾದಾಗ ಅಮೆರಿಕದಲ್ಲಿ ಬಂದದ್ದು ಸುಮಾರು 7 ಕೋಟಿ, ಹೊರಗೆ ಬಂದದ್ದು ಸುಮಾರು 30 ಕೋಟಿ. ಆ ದೊಡ್ಡ ಮೊತ್ತದ ಲಾಭ ಹಕ್ಕು ಕೊಂಡವರದಾಯಿತು. ಮರುವರ್ಷವೇ ನ್ಯೂ ಲೈನ್ ತನ್ನ ಸ್ವತಂತ್ರ ಅಸ್ತಿತ್ವವನ್ನು ಕಳೆದುಕೊಂಡು ವಾರ್ನರ್ ಬ್ರದರ್ಸ್‌ನಲ್ಲಿ ಲೀನವಾಯಿತು. ವಿಪರ್ಯಾಸವೆಂದರೆ, ಮೂಲ ಕಾದಂಬರಿಯ ಕರಾಳವಾದ ಕೊನೆಯ ಅಧ್ಯಾಯಗಳನ್ನು ಚಿತ್ರೀಕರಿಸಿದ್ದರೂ ಎರಡನೇ ಭಾಗದಲ್ಲಿ ಬಳಸೋಣವೆಂದು ಎತ್ತಿಟ್ಟಿದ್ದರು. ಹೀಗಾಗಿ ಒಂದನೇ ಭಾಗವೂ ಪೂರ್ತಿಯಾಗದೆ ಉಳಿಯಿತು.

ಇನ್ನು ಕೆಲವು ಚಿತ್ರಗಳಿಗೆ ಪ್ರೇಕ್ಷಕರು ತಡವಾಗಿ ಸಿಗುತ್ತಾರೆ. ಒಂದೇ ಗಗನಚುಂಬಿ ಕಟ್ಟಡದೊಳಗೆ ಬಹುತೇಕ ನಡೆಯುವ ‘ಡ್ರೆಡ್’ (2012) ಚಿತ್ರಮಂದಿರಗಳಲ್ಲಿ ಸುಮಾರು 4 ಕೋಟಿ ಡಾಲರ್ ಗಳಿಸಿ ಸೋತಿತು. ಡಿವಿಡಿ ಬಂದ ಮೇಲೆ ಅಭಿಮಾನಿಗಳು ಹುಟ್ಟಿಕೊಂಡು, ಎರಡನೇ ಭಾಗಕ್ಕಾಗಿ ಸಹಿ ಸಂಗ್ರಹವನ್ನೂ ನಡೆಸಿದರು. ಆದರೆ ಮುಂದಿನ ಭಾಗಕ್ಕೆ ಹಣ ಹೂಡುವವರು ಸಾಮಾನ್ಯವಾಗಿ ಮೊದಲ ಕೆಲವು ವಾರಗಳ ಟಿಕೆಟ್ ಮಾರಾಟವನ್ನು ನೋಡಿಯೇ ತೀರ್ಮಾನಿಸುತ್ತಾರೆ, ಮತ್ತು ಡಿವಿಡಿ ಅಂಗಡಿಗೆ ಬರುವ ಹೊತ್ತಿಗೆ ಆ ತೀರ್ಮಾನ ಆಗಿಹೋಗಿರುತ್ತದೆ.